ಗೇಮಿಂಗ್ ಪಿಸಿಗೆ ಪ್ರೊಸೆಸರ್: ಮಾನಿಟರ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ

‘ಐ5 ತಗೊಳ್ಳಲೋ, ರೈಜೆನ್ 5 ತಗೊಳ್ಳಲೋ?’ ಹೊಸ ಗೇಮಿಂಗ್ ಪಿಸಿ ಕಟ್ಟಲು ಹೊರಟವರೆಲ್ಲ ಶುರುಮಾಡುವುದು ಇಲ್ಲಿಂದಲೇ. ಐ5 ಇಂಟೆಲ್ ಕಂಪನಿಯ ಪ್ರೊಸೆಸರ್ ಸರಣಿ, ರೈಜೆನ್ 5 ಎಎಂಡಿ ಕಂಪನಿಯದು. ಈ ಪ್ರಶ್ನೆಗೆ ನೆಟ್ಟಗಿನ ಉತ್ತರವಿಲ್ಲ. 2011ರಲ್ಲಿ ಬಂದ ಐ5-2400 ಕೂಡ ಐ5, 2023ರಲ್ಲಿ ಬಂದ ಐ5-14600ಕೆ ಕೂಡ ಐ5, ಎರಡಕ್ಕೂ ಅಜಗಜಾಂತರ. ಹೆಸರು ಬದಿಗಿಟ್ಟು, ಗೇಮ್ ಓಡುವಾಗ ಪ್ರೊಸೆಸರ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ.

ದರ್ಶಿನಿ ಹೋಟೆಲನ್ನು ನೆನೆಸಿಕೊಳ್ಳಿ. ಕ್ಯಾಶ್ ಕೌಂಟರಿನಲ್ಲಿ ಟೋಕನ್ ಕೊಡುವವರು ಪ್ರೊಸೆಸರ್, ಕಾವಲಿಯ ಮುಂದೆ ನಿಂತ ದೋಸೆ ಭಟ್ಟರು ಗ್ರಾಫಿಕ್ಸ್ ಕಾರ್ಡ್. ಯಾವ ಪಾತ್ರ ಎಲ್ಲಿದೆ, ಗುಂಡು ಯಾರಿಗೆ ತಗುಲಿತು, ಪರದೆಯ ಮೇಲೆ ಏನೇನು ಬಿಡಿಸಬೇಕು ಎಂಬ ಪಟ್ಟಿಯನ್ನು ಪ್ರತಿ ಫ್ರೇಮಿಗೂ (ಪರದೆಯ ಒಂದೊಂದು ಚಿತ್ರಕ್ಕೂ) ಪ್ರೊಸೆಸರ್ ತಯಾರಿಸಿ ಕೊಡುತ್ತದೆ. ಬಿಡಿಸುವ ಕೆಲಸ ಕಾರ್ಡಿನದು. ಟೋಕನ್ ನಿಧಾನವಾದರೆ ಭಟ್ಟರು ಕೈಕಟ್ಟಿ ನಿಲ್ಲುತ್ತಾರೆ. ಭಟ್ಟರೇ ನಿಧಾನವಾದರೆ ಟೋಕನ್ ಎಷ್ಟು ಬೇಗ ಕೊಟ್ಟರೂ ಸಾಲು ಕರಗುವುದಿಲ್ಲ. ನಿಮ್ಮ ಪಿಸಿಯಲ್ಲಿ ಇವರಿಬ್ಬರಲ್ಲಿ ಯಾರು ಮೊದಲು ಸುಸ್ತಾಗುತ್ತಾರೆ ಎಂದು ಕೊಳ್ಳುವ ಮುಂಚೆಯೇ ಊಹಿಸುವುದೇ ಪ್ರೊಸೆಸರ್ ಆಯ್ಕೆ.

ಹಂತ 1: ಮಾನಿಟರ್ ಮತ್ತು ಗೇಮ್

ಒಂದು ಕಾಗದದಲ್ಲಿ ಮೂರು ಸಾಲು ಬರೆಯಿರಿ: ಮಾನಿಟರಿನ ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕೆಗಳ ಲೆಕ್ಕ (1080ಪಿ, 4ಕೆ ಹೀಗೆ); ಅದರ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು; ನೀವು ಹೆಚ್ಚು ಹೊತ್ತು ಆಡುವ ಎರಡು ಮೂರು ಗೇಮ್‌ಗಳು.

ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್ ಸಮಯವಿದೆ. 144ಕ್ಕೆ 6.9, 240ಕ್ಕೆ ಬರೀ 4.2. ಪ್ರೊಸೆಸರ್ ತನ್ನ ಪಟ್ಟಿಯನ್ನು ಅಷ್ಟರೊಳಗೆ ಮುಗಿಸಬೇಕು. ರೆಸಲ್ಯೂಶನ್ ಹೆಚ್ಚಾದರೆ ಭಾರ ಬೀಳುವುದು ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಮೇಲೆ. 1080ಪಿ ಆದರೂ 4ಕೆ ಆದರೂ ಪ್ರೊಸೆಸರ್‌ನ ಪಟ್ಟಿ ಹೆಚ್ಚುಕಡಿಮೆ ಅಷ್ಟೇ ಉದ್ದ. ಹಾಗಾಗಿ 4ಕೆ 60 ಹರ್ಟ್ಸ್ ಟಿವಿಯಲ್ಲಿ ಕಥೆಯ ಗೇಮ್ ಆಡುವವರಿಗೆ ಸಾಧಾರಣ ಪ್ರೊಸೆಸರ್ ಸಾಕು. 1080ಪಿ 240 ಹರ್ಟ್ಸ್‌ನಲ್ಲಿ ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಆಡುವವರಿಗೆ ಮಾತ್ರ ಒಳ್ಳೆಯ ಪ್ರೊಸೆಸರ್ ಬೇಕೇ ಬೇಕು. ಕೇಳಲು ತಿರುಗುಮುರುಗು ಅನ್ನಿಸಿದರೂ ಲೆಕ್ಕ ಹಾಗೇ ಇದೆ.

ಸಿಟೀಸ್ ಸ್ಕೈಲೈನ್ಸ್ 2, ಫ್ಯಾಕ್ಟೋರಿಯೊ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಂಥ ಗೇಮ್‌ಗಳದು ಬೇರೆ ಜಾತಿ. ಸಾವಿರಾರು ವಸ್ತುಗಳ ಚಲನೆಯನ್ನು ಪ್ರತಿ ಕ್ಷಣ ಲೆಕ್ಕ ಹಾಕುವ ಇವು ಯಾವ ರೆಸಲ್ಯೂಶನ್‌ನಲ್ಲೂ ಪ್ರೊಸೆಸರನ್ನೇ ಹಿಂಡುತ್ತವೆ. ಸೈಬರ್‌ಪಂಕ್ 2077ರಂಥ ಗೇಮ್‌ನಲ್ಲಿ ರೇ ಟ್ರೇಸಿಂಗ್ (ಬೆಳಕು, ಪ್ರತಿಬಿಂಬಗಳ ನೈಜ ಲೆಕ್ಕ) ಹಾಕಿದರೂ ಪ್ರೊಸೆಸರ್ ಮೇಲಿನ ಹೊರೆ ಏರುತ್ತದೆ. ಅದು ಬರೀ ಕಾರ್ಡಿನ ಕೆಲಸ ಎಂದು ತಿಳಿದವರೇ ಹೆಚ್ಚು.

ಹಂತ 2: ಗ್ರಾಫಿಕ್ಸ್ ಕಾರ್ಡ್ ಮೊದಲು, ಪ್ರೊಸೆಸರ್ ಆಮೇಲೆ

ಗೇಮಿಂಗೇ ಮುಖ್ಯವಾದರೆ ಬಜೆಟ್‌ನ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಮೀಸಲು. ಅದಕ್ಕಿಟ್ಟ ಹಣದ ಅರ್ಧಕ್ಕಿಂತ ಹೆಚ್ಚು ಪ್ರೊಸೆಸರ್‌ಗೆ ಹೋಗುತ್ತಿದ್ದರೆ ಒಮ್ಮೆ ನಿಂತು ಯೋಚಿಸಿ. ಮೇಲೆ ಹೇಳಿದ 240 ಹರ್ಟ್ಸ್‌ನವರು, ಸಿಮ್ಯುಲೇಶನ್ ಆಡುವವರು ಮಾತ್ರ ಇದಕ್ಕೆ ಅಪವಾದ.

ಯೂಟ್ಯೂಬಿನ ಪ್ರೊಸೆಸರ್ ಹೋಲಿಕೆಗಳನ್ನು ನೋಡುವಾಗ ಒಂದು ಎಚ್ಚರ ಇರಲಿ. ಆ ಪರೀಕ್ಷೆಗಳನ್ನು ಆರ್‌ಟಿಎಕ್ಸ್ 4090 ಅಥವಾ 5090ರಂಥ ಅತಿ ಶಕ್ತಿಶಾಲಿ ಕಾರ್ಡ್ ಹಾಕಿ 1080ಪಿಯಲ್ಲಿ ನಡೆಸುತ್ತಾರೆ, ಕಾರ್ಡ್ ಅಡ್ಡ ಬರದೆ ಪ್ರೊಸೆಸರ್‌ಗಳ ವ್ಯತ್ಯಾಸವೇ ಎದ್ದು ಕಾಣಲಿ ಎಂದು. ವಿಧಾನ ಸರಿಯಾಗಿಯೇ ಇದೆ. ಆದರೆ ಅಲ್ಲಿ ಕಾಣುವ 60 ಫ್ರೇಮ್ ಅಂತರ ನಿಮ್ಮ ಆರ್‌ಟಿಎಕ್ಸ್ 5060ರಲ್ಲಿ ಎರಡು ಮೂರು ಫ್ರೇಮಿಗೆ ಇಳಿದಿರಬಹುದು. ಸರಾಸರಿ ಫ್ರೇಮಿಗಿಂತ ‘ಒನ್ ಪರ್ಸೆಂಟ್ ಲೋ’ ಅಂಕಿಯನ್ನು ನೋಡಿ. ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳ ಲೆಕ್ಕ ಅದು; ಆಡುವಾಗ ಗಕ್ಕನೆ ಜಗ್ಗಿದಂತೆ ಆಗುವುದು ಅಲ್ಲೇ, ದುರ್ಬಲ ಪ್ರೊಸೆಸರ್ ಸಿಕ್ಕಿಬೀಳುವುದೂ ಅಲ್ಲೇ.

ನಮ್ಮ ಅಂದಾಜಿನ ಜೋಡಿಗಳು ಹೀಗಿವೆ (ಆರ್‌ಟಿಎಕ್ಸ್ ಎನ್ವಿಡಿಯಾದ ಕಾರ್ಡ್, ಆರ್‌ಎಕ್ಸ್ ಎಎಂಡಿಯದು; ಪ್ರೊಸೆಸರ್ ಹೆಸರಿನ ಬಾಲದ ಅರ್ಥ ಹಂತ 4ರಲ್ಲಿದೆ). ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಅಥವಾ 5060 ದರ್ಜೆಗೆ ರೈಜೆನ್ 5 5600, ಐ5-12400ಎಫ್ ಸಾಕು. ಆರ್‌ಎಕ್ಸ್ 9060 ಎಕ್ಸ್‌ಟಿ, ಆರ್‌ಟಿಎಕ್ಸ್ 5060 ಟಿಐ ಅಥವಾ 4070ಕ್ಕೆ ರೈಜೆನ್ 5 7500ಎಫ್, 7600, 9600ಎಕ್ಸ್. ಆರ್‌ಎಕ್ಸ್ 9070 ಎಕ್ಸ್‌ಟಿ, ಆರ್‌ಟಿಎಕ್ಸ್ 5070 ಟಿಐಗೆ ಎಂಟು ಕೋರ್‌ನ (ಕೋರ್ ಎಂದರೆ ಪ್ರೊಸೆಸರ್ ಒಳಗಿನ ಲೆಕ್ಕದ ಘಟಕ) ರೈಜೆನ್ 7 9700ಎಕ್ಸ್, ಕೈಗೆಟುಕಿದರೆ 7800ಎಕ್ಸ್3ಡಿ. ಅದರ ಮೇಲಿನ ಕಾರ್ಡ್ ಕೊಳ್ಳುವವರು 9800ಎಕ್ಸ್3ಡಿ ಬಿಟ್ಟು ಬೇರೆಯದನ್ನು ನೋಡುವ ಅಗತ್ಯವಿಲ್ಲ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ ಆಗಬಾರದು. ಇಂಟೆಲ್‌ನ ಆರ್ಕ್ ಬಿ580 ಕಾರ್ಡ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪ್ರೊಸೆಸರ್‌ನಿಂದ ಹೆಚ್ಚು ಕೆಲಸ ಕೇಳುವುದರಿಂದ ಹಳೆಯ ಆರು ಕೋರ್‌ಗಳ ಜೊತೆ ಕೆಲವು ಗೇಮ್‌ಗಳಲ್ಲಿ ಸೊರಗುತ್ತದೆ.

ಹಂತ 3: ಸಾಕೆಟ್. ನೀವು ನಿಜವಾಗಿ ಕೊಳ್ಳುವುದು ಇದನ್ನೇ

ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಪ್ರೊಸೆಸರ್ ಒಂಟಿಯಾಗಿ ಬರುವುದಿಲ್ಲ. ಬೋರ್ಡ್ ಮತ್ತು ರ್ಯಾಮ್ ಕಟ್ಟಿಕೊಂಡೇ ಬರುತ್ತದೆ. ಆದ್ದರಿಂದ ಮೂರನ್ನೂ ಕೂಡಿಸಿಯೇ ಬೆಲೆ ಹೋಲಿಸಿ.

ಎಎಂ4: 2017ರ ಮೊದಲ ರೈಜೆನ್‌ನಿಂದ ನಡೆದುಕೊಂಡು ಬಂದ ಸಾಕೆಟ್, ಡಿಡಿಆರ್4 ರ್ಯಾಮ್. ಇದರ ಆಯುಷ್ಯ ಮುಗಿಯುತ್ತಾ ಬಂದಿದೆ, ಆದರೂ ಕಡಿಮೆ ಬಜೆಟ್‌ಗೆ ಈಗಲೂ ಲಾಯಕ್ಕು. ಮನೆಯಲ್ಲಿ ಹಳೆಯ ಎಎಂ4 ಬೋರ್ಡ್ ಇದ್ದರೆ ಹೊಸದನ್ನು ಕೊಳ್ಳುವ ಮೊದಲು ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಸಿಗುತ್ತದೆಯೇ ಹುಡುಕಿ. ಬೋರ್ಡೂ ಬದಲಿಸದೆ, ರ್ಯಾಮೂ ಬದಲಿಸದೆ ಪಿಸಿಗೆ ಮರುಜೀವ ಬರುತ್ತದೆ.

ಎಎಂ5: 2022ರಲ್ಲಿ ರೈಜೆನ್ 7000 ಜೊತೆ ಬಂತು. ಡಿಡಿಆರ್5 ಮಾತ್ರ. 2027ರವರೆಗಾದರೂ ಈ ಸಾಕೆಟ್‌ಗೆ ಬೆಂಬಲವಿರುತ್ತದೆ ಎಂದು ಎಎಂಡಿ ಹೇಳಿದೆ. ಈಗ 7500ಎಫ್ ಹಾಕಿ, ಮೂರು ವರ್ಷದ ನಂತರ ಅದನ್ನಷ್ಟೇ ತೆಗೆದು ಎಕ್ಸ್3ಡಿ ಹಾಕುವ ದಾರಿ ಇಲ್ಲಿದೆ. ಹೊಸದಾಗಿ ಕಟ್ಟುವವರಿಗೆ ನಮ್ಮ ಮೊದಲ ಆಯ್ಕೆ ಇದೇ.

ಎಲ್‌ಜಿಎ1700: ಇಂಟೆಲ್‌ನ 12, 13 ಮತ್ತು 14ನೇ ತಲೆಮಾರು. ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ; ಒಂದಕ್ಕೆ ಇನ್ನೊಂದರ ರ್ಯಾಮ್ ಕೂರುವುದಿಲ್ಲ, ಬೋರ್ಡಿನ ಹೆಸರಿನ ಕೊನೆಯಲ್ಲಿ ‘ಡಿ4’ ಅಥವಾ ‘ಡಿಡಿಆರ್4’ ಇದೆಯೇ ನೋಡಿಕೊಳ್ಳಿ. 2025ರ ಕೊನೆಯಿಂದ ರ್ಯಾಮ್ ಬೆಲೆ ಗಗನಕ್ಕೇರಿರುವಾಗ, ಹಳೆಯ ಪಿಸಿಯ ಡಿಡಿಆರ್4 ಕೈಯಲ್ಲಿದ್ದವರಿಗೆ 12400ಎಫ್ ಮತ್ತು ಡಿಡಿಆರ್4ರ ಬಿ760 ಬೋರ್ಡ್ ಜಾಣ ಆಯ್ಕೆ.

ಎಲ್‌ಜಿಎ1851: 2024ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200 ಸರಣಿ. ವಿಡಿಯೊ ಎಡಿಟಿಂಗ್, ಕಂಪೈಲಿಂಗ್‌ಗೆ ಚೆನ್ನ. ಗೇಮಿಂಗ್‌ನಲ್ಲಿ ಬಿಡುಗಡೆಯ ಹೊತ್ತಿಗೆ ತನ್ನ ಅಣ್ಣ 14ನೇ ತಲೆಮಾರಿಗಿಂತಲೂ ಕೆಲವೆಡೆ ಹಿಂದೆ ಬಿತ್ತು.

13 ಮತ್ತು 14ನೇ ತಲೆಮಾರಿನ ಇಂಟೆಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇವುಗಳ ಮೇಲ್ದರ್ಜೆಯ ಪ್ರೊಸೆಸರ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು, ಒಳಗಿನ ಸರ್ಕ್ಯೂಟ್ ಕಾಲಕ್ರಮೇಣ ಸವೆಯುವ ದೋಷ 2024ರಲ್ಲಿ ಬಯಲಾಯಿತು. ಗೇಮ್ ಶುರುವಾಗುವಾಗ ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂ) ತಯಾರಾಗುವ ಹೊತ್ತಿಗೆ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬಂದು ಗೇಮ್ ಮುಚ್ಚಿಕೊಳ್ಳುತ್ತಿತ್ತು. ಸಂದೇಶ ನಂಬಿದವರು ಗ್ರಾಫಿಕ್ಸ್ ಕಾರ್ಡನ್ನು ದೂಷಿಸಿದರು, ಹಾಳಾಗಿದ್ದದ್ದು ಪ್ರೊಸೆಸರ್. ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಮೂಲ ಸೂಚನೆಗಳ) ತಿದ್ದುಪಡಿಗಳನ್ನು ಬಯೋಸ್ ಮೂಲಕ ಕೊಟ್ಟು, ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಸವೆತವನ್ನು ತಡೆಯುತ್ತದೆ, ಆಗಿರುವ ಸವೆತವನ್ನು ಸರಿಮಾಡುವುದಿಲ್ಲ. ಹಾಗಾಗಿ ಹೊಸದು ಕೊಂಡರೆ ವಿಂಡೋಸ್ ಹಾಕುವ ಮುಂಚೆಯೇ ಬಯೋಸ್ ಅಪ್‌ಡೇಟ್ ಮಾಡಿ. ಸೆಕೆಂಡ್ ಹ್ಯಾಂಡ್ ಐ7-13700ಕೆ, ಐ9-13900ಕೆ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಹಂತ 4: ಹೆಸರಿನ ಬಾಲ ಓದುವುದು

ಇಂಟೆಲ್‌ನಲ್ಲಿ ‘ಕೆ’ ಎಂದರೆ ಓವರ್‌ಕ್ಲಾಕ್‌ಗೆ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ) ತೆರೆದದ್ದು, ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯಲ್ಲಿ ‘ಎಕ್ಸ್’ ತುಸು ವೇಗ, ‘ಜಿ’ ದೊಡ್ಡ ಒಳಗ್ರಾಫಿಕ್ಸ್, ‘ಎಫ್’ ಇಲ್ಲೂ ಗ್ರಾಫಿಕ್ಸ್ ರಹಿತ, ‘ಎಕ್ಸ್3ಡಿ’ ಹೆಚ್ಚುವರಿ ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿ). ಎಫ್ ಕೊಂಡರೆ ಹಣ ಉಳಿಯುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದ ದಿನಗಳಲ್ಲಿ ಪರದೆ ಕತ್ತಲೆ, ಪಿಸಿಯಲ್ಲಿ ಏನೂ ಮಾಡಲಾಗದು. ಓದು, ಆಫೀಸ್ ಕೆಲಸ ಎಲ್ಲವೂ ಅದರಲ್ಲೇ ನಡೆಯಬೇಕಿದ್ದರೆ ಎಫ್ ಇಲ್ಲದ್ದನ್ನೇ ಕೊಳ್ಳಿ.

ಎಕ್ಸ್3ಡಿ ಏಕೆ ಅಷ್ಟು ಪರಿಣಾಮಕಾರಿ? ಗೇಮ್‌ಗೆ ಬೇಕಾದ ಮಾಹಿತಿ ಹತ್ತಿರದ ಎಲ್3 ಕ್ಯಾಶ್‌ನಲ್ಲಿ ಸಿಕ್ಕದಿದ್ದರೆ ರ್ಯಾಮ್‌ವರೆಗೆ ಹೋಗಿ ತರಬೇಕು, ಅಷ್ಟು ಹೊತ್ತು ಕೋರ್ ಸುಮ್ಮನೆ ಕಾಯುತ್ತದೆ. ಸಾಮಾನ್ಯ ಎಂಟು ಕೋರ್ ರೈಜೆನ್ 7 7700ರಲ್ಲಿ ಎಲ್3 ಕ್ಯಾಶ್ 32 ಎಂಬಿ. 7800ಎಕ್ಸ್3ಡಿಯಲ್ಲಿ ಅದರ ಮೇಲೆ ಇನ್ನೊಂದು ಪದರ ಹೊದಿಸಿ 96 ಎಂಬಿ ಮಾಡಿದ್ದಾರೆ. 9800ಎಕ್ಸ್3ಡಿಯಲ್ಲಿ ಅದೇ ಪದರ ಕೋರ್‌ಗಳ ಕೆಳಗೆ ಹೋಯಿತು. ಹಾಗಾಗಿ ಶಾಖ ನೇರವಾಗಿ ಕೂಲರ್‌ಗೆ ದಾಟಿ, ವೇಗವನ್ನೂ ಏರಿಸಲು ಸಾಧ್ಯವಾಯಿತು. ಬಿಡುಗಡೆಯ ಹೊತ್ತಿಗೆ ಇನ್ನೂ ದುಬಾರಿಯಾಗಿದ್ದ 7900ಎಕ್ಸ್3ಡಿಯಲ್ಲಿ 12 ಕೋರ್ ಇದ್ದರೂ ಹೆಚ್ಚುವರಿ ಕ್ಯಾಶ್ ಇರುವುದು ಅದರಲ್ಲಿ ಆರಕ್ಕೆ ಮಾತ್ರ. ಗೇಮಿಂಗ್‌ಗೆಂದೇ ಅದಕ್ಕೆ ಹಣ ಸುರಿಯಬೇಡಿ.

ಈಗ ಬಲೆಗಳ ವಿಷಯ. ಹೆಸರು ಹತ್ತಿರದ್ದಾದರೂ ಒಳಗಿನ ಚಿಪ್ ಬೇರೆಯಾಗಿರುತ್ತದೆ. ರೈಜೆನ್ 5 5600ರಲ್ಲಿ 32 ಎಂಬಿ ಎಲ್3 ಮತ್ತು ಪಿಸಿಐಇ 4.0 (ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವಿನ ಮಾಹಿತಿಯ ದಾರಿ), 5500ರಲ್ಲಿ 16 ಎಂಬಿ ಮತ್ತು ಪಿಸಿಐಇ 3.0. ರೈಜೆನ್ 7 5700ಎಕ್ಸ್‌ನ ‘ಎಕ್ಸ್’ ಬಿಟ್ಟು 5700 ಕೊಂಡರೂ ಅದೇ ಕಥೆ. ಎಎಂ5ರಲ್ಲಿ 8400ಎಫ್‌ಗೆ 7500ಎಫ್‌ಗಿಂತ ದೊಡ್ಡ ಅಂಕಿ ಇದೆ, ಆದರೆ ಕ್ಯಾಶ್ ಅರ್ಧ: 16 ಎಂಬಿ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600ರಂಥ ಕಾರ್ಡ್‌ಗಳು ಎಂಟೇ ಲೇನ್ ಬಳಸುವುದರಿಂದ ಪಿಸಿಐಇ 3.0 ಪ್ರೊಸೆಸರ್ ಜೊತೆ ದಾರಿ ಇನ್ನೂ ಕಿರಿದಾಗುತ್ತದೆ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ಮಾಹಿತಿ ರ್ಯಾಮ್‌ಗೆ ಚೆಲ್ಲಿದಾಗ ಇದರ ಪೆಟ್ಟು ಗೊತ್ತಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಯೋಚನೆಯೇ ಇಲ್ಲದವರಿಗೆ 5600ಜಿ, 8600ಜಿ ಸರಿ; ಆದರೆ ರ್ಯಾಮ್ ಎರಡು ಕಡ್ಡಿ ಇರಲೇಬೇಕು, ಒಂದೇ ಹಾಕಿದರೆ ಒಳಗ್ರಾಫಿಕ್ಸ್ ಸೊರಗಿಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಬಲೆ: ‘ಐ7, 16 ಜಿಬಿ, ಗೇಮಿಂಗ್ ಪಿಸಿ’ ಎಂದು ಅಗ್ಗಕ್ಕೆ ಮಾರುವ ಅಸೆಂಬಲ್ಡ್ ಪೆಟ್ಟಿಗೆಗಳು. ತೆರೆದು ನೋಡಿದರೆ ಎಚ್61 ಬೋರ್ಡ್, ಐ7-2600 ಅಥವಾ 3770. ನಾಲ್ಕು ಕೋರ್‌ನ ಐ3-12100ಎಫ್ ಇವನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000ದಿಂದ ಮೇಲಿನದು; ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ‘ಐ7’ ಎಂದಷ್ಟೇ ಬರೆದು ಮುಂದಿನ ನಾಲ್ಕೈದು ಅಂಕಿ ಬರೆಯದ ಜಾಹೀರಾತು ಕಂಡರೆ ಮುಂದಕ್ಕೆ ಹೋಗಿ.

ಕೋರ್ ಎಷ್ಟು ಬೇಕು? ಆರು ಸಾಕು, ಎಂಟು ಇದ್ದರೆ ನಿಶ್ಚಿಂತೆ. ಸ್ಟ್ರೀಮಿಂಗ್ ಮಾಡಲು 12, 16 ಕೋರ್ ಬೇಕೆಂಬುದು ಹಳೆಯ ಮಾತು. ಈಗಿನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲೇ ವಿಡಿಯೊ ಎನ್‌ಕೋಡರ್ ಇದೆ. ಸ್ಟ್ರೀಮಿಂಗ್ ತಂತ್ರಾಂಶ ಒಬಿಎಸ್‌ನಲ್ಲಿ ಅದನ್ನು ಆರಿಸಿದರೆ ಪ್ರೊಸೆಸರ್‌ಗೆ ಆ ಹೊರೆ ಬಹುಮಟ್ಟಿಗೆ ತಪ್ಪುತ್ತದೆ.

ಹಂತ 5: ಬೋರ್ಡ್, ರ್ಯಾಮ್, ಕೂಲರ್

ಎಎಂ5ರಲ್ಲಿ 65 ವ್ಯಾಟ್ ಪ್ರೊಸೆಸರ್‌ಗೆ ಎ620 ಬೋರ್ಡೂ ನಡೆಯುತ್ತದೆ. ಮುಂದೆ ಎಕ್ಸ್3ಡಿ ಹಾಕುವ ಆಸೆ ಇದ್ದರೆ ಬಿ650 ಅಥವಾ ಬಿ850, ವಿದ್ಯುತ್ ಭಾಗದ ಮೇಲೆ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಹೊದಿಕೆ) ಇರುವಂಥದ್ದು. ಇಂಟೆಲ್‌ನಲ್ಲಿ ಎಚ್610ರಲ್ಲಿ ರ್ಯಾಮ್ ವೇಗ ಏರಿಸಲಾಗದು, ಬಿ760ರಲ್ಲಿ ಆಗುತ್ತದೆ. ‘ಕೆ’ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಮಾತ್ರ ಜೆಡ್ ಸರಣಿಯ ಬೋರ್ಡ್ ಬೇಕು.

2022ರಲ್ಲಿ ತಯಾರಾದ ಬಿ650 ಬೋರ್ಡ್ ಅಂಗಡಿಯ ಮೂಲೆಯಲ್ಲಿ ಉಳಿದಿದ್ದರೆ ಅದಕ್ಕೆ ರೈಜೆನ್ 9000ದ ಗುರುತೇ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡ್ ಕೊಂಡರೆ ಈ ತಲೆನೋವಿಲ್ಲ: ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಬಯೋಸ್ ಫೈಲ್ ಹಾಕಿ, ಕೈಪಿಡಿ ಹೇಳಿದ ಹೆಸರಿಟ್ಟು, ಗುರುತು ಮಾಡಿದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ಗುಂಡಿ ಒತ್ತಿ. ದೀಪ ಮಿನುಗುವುದು ನಿಲ್ಲುವವರೆಗೆ ಕರೆಂಟ್ ಹೋಗಬಾರದು, ಯುಪಿಎಸ್ ಮೇಲಿಟ್ಟೇ ಮಾಡಿ.

ರ್ಯಾಮ್ ಎಎಂ5ಕ್ಕೆ ಡಿಡಿಆರ್5-6000, ಸಿಎಲ್30 (ರ್ಯಾಮ್‌ನ ವಿಳಂಬದ ಅಂಕಿ), 16 ಜಿಬಿಯ ಎರಡು ಕಡ್ಡಿ. ನಾಲ್ಕು ಕಡ್ಡಿ ತುಂಬಿಸಿದರೆ ರೈಜೆನ್ 7000ರಲ್ಲಿ ಅಧಿಕೃತ ವೇಗ 3600ಕ್ಕೆ ಬೀಳುತ್ತದೆ. ಎಎಂ4ಕ್ಕೆ ಡಿಡಿಆರ್4-3200 ಅಥವಾ 3600, ಸಿಎಲ್16.

ಕೂಲರ್ ವಿಷಯದಲ್ಲಿ ವಿದೇಶಿ ವಿಡಿಯೊಗಳ ಉಷ್ಣಾಂಶವನ್ನು ನೇರವಾಗಿ ನಂಬಬೇಡಿ. ಅವರ ಕೋಣೆ 22 ಡಿಗ್ರಿ. ಏಪ್ರಿಲ್‌ನ ರಾಯಚೂರು, ಕಲಬುರಗಿಯಲ್ಲಿ ಎಸಿ ಇಲ್ಲದ ಕೋಣೆ 38 ಡಿಗ್ರಿ. ಕೋಣೆ ಏರಿದಷ್ಟು ಡಿಗ್ರಿ ಪ್ರೊಸೆಸರೂ ಏರುತ್ತದೆ: ಅಲ್ಲಿ 75 ತೋರಿಸಿದ್ದು ಇಲ್ಲಿ 91. 7800ಎಕ್ಸ್3ಡಿಯ ಮಿತಿ 89 ಡಿಗ್ರಿ, ಅದು ತಲುಪಿದೊಡನೆ ವೇಗ ಇಳಿಯುತ್ತದೆ. 7600, 12400ಎಫ್‌ಗಳ ಬಾಕ್ಸಿನಲ್ಲೇ ಬರುವ ಕೂಲರ್ ಸಾಕು, ಸದ್ದು ಸ್ವಲ್ಪ ಹೆಚ್ಚು. 7600ಎಕ್ಸ್, 9600ಎಕ್ಸ್, ಎಕ್ಸ್3ಡಿಗಳ ಜೊತೆ ಕೂಲರ್ ಬರುವುದೇ ಇಲ್ಲ. 120 ಮಿ.ಮೀ. ಫ್ಯಾನ್, ನಾಲ್ಕು ಶಾಖನಳಿಕೆಯ ಟವರ್ ಕೂಲರ್ ತನ್ನಿ. ಅದರ ಎತ್ತರ ಸುಮಾರು 155 ಮಿ.ಮೀ., ಕ್ಯಾಬಿನೆಟ್‌ನಲ್ಲಿ ಜಾಗವಿದೆಯೇ ಮೊದಲೇ ಅಳೆಯಿರಿ.

ವಿದ್ಯುತ್ತಿನ ಲೆಕ್ಕವೂ ಇದೆ. ಐ7-14700ಕೆ ಪೂರ್ತಿ ದುಡಿದಾಗ 253 ವ್ಯಾಟ್‌ವರೆಗೆ ಎಳೆಯಬಲ್ಲದು. ಮನೆಗಳಲ್ಲಿರುವ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡೂ ಸೇರಿದರೆ ಕರೆಂಟ್ ಹೋದ ಕ್ಷಣವೇ ಕೀಂ ಎಂದು ಕೂಗಿ ಕೈಬಿಡುತ್ತದೆ.

ಹಂತ 6: ಕೊಳ್ಳುವಾಗ

ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ಆನ್‌ಲೈನ್ ಆಗಲಿ, ಕೊಟ್ಟ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿ. ಬಿಲ್ ಇಲ್ಲದ ಅಗ್ಗದ ಬೆಲೆಗೆ ವಾರಂಟಿಯೂ ಇರುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ‘ಟ್ರೇ’ ಎಂದು ಮಾರುವುದಕ್ಕೆ ಬಾಕ್ಸೂ ಇಲ್ಲ, ಕೂಲರೂ ಇಲ್ಲ. ವಾರಂಟಿ ಸಾಮಾನ್ಯವಾಗಿ ಮಾರಿದವರದ್ದೇ. ಬಾಕ್ಸಿನದಕ್ಕೆ ಕಂಪನಿಯ ಮೂರು ವರ್ಷ ಇರುತ್ತದೆ. ವ್ಯತ್ಯಾಸ ಸಾವಿರ ರೂಪಾಯಿಯೊಳಗಿದ್ದರೆ ಬಾಕ್ಸನ್ನೇ ಕೊಳ್ಳಿ. ಪಾರ್ಸೆಲ್ ಬಂದರೆ ಸೀಲ್ ಕಾಣುವಂತೆ, ತೆರೆಯುವುದನ್ನು ಪೂರ್ತಿ ವಿಡಿಯೊ ಮಾಡಿ, ಪ್ರೊಸೆಸರ್ ಮೇಲೆ ಕೆತ್ತಿದ ಹೆಸರನ್ನೂ ಸೇರಿಸಿ.

ಹಂತ 7: ಕೂರಿಸುವುದು, ಪರೀಕ್ಷಿಸುವುದು

ಎಎಂ5 ಮತ್ತು ಇಂಟೆಲ್‌ನಲ್ಲಿ ಸೂಜಿಯಂಥ ಪಿನ್‌ಗಳು ಇರುವುದು ಬೋರ್ಡಿನಲ್ಲಿ. ಒಂದು ಬಾಗಿದರೂ ರ್ಯಾಮಿನ ಒಂದು ಚಾನೆಲ್ ಕಾಣೆಯಾಗಬಹುದು, ವಾರಂಟಿಯೂ ಹೋಗುತ್ತದೆ. ಪ್ರೊಸೆಸರ್‌ನ ಮೂಲೆಯ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ ಹಗುರವಾಗಿ ಇಳಿಬಿಡಿ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ಲಿವರ್ ಹಾಕಿದಾಗ ತಾನೇ ಹಾರುತ್ತದೆ. ಎಸೆಯಬೇಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಬೇಕು. ಎಎಂ4ರಲ್ಲಿ ಪಿನ್ ಪ್ರೊಸೆಸರ್‌ಗೇ ಇರುವುದರಿಂದ ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ. ಹತ್ತು ನಿಮಿಷ ಪಿಸಿ ಓಡಿಸಿ, ಆಫ್ ಮಾಡಿ, ಕೂಲರ್ ಮತ್ತು ಪ್ರೊಸೆಸರ್ ನಡುವಿನ ಥರ್ಮಲ್ ಪೇಸ್ಟ್ ಬೆಚ್ಚಗಿರುವಾಗ ತಿರುಚಿ ತೆಗೆಯಿರಿ. ಥರ್ಮಲ್ ಪೇಸ್ಟ್ ಬಟಾಣಿಯಷ್ಟು. ಕೂಲರ್ ತಳದ ಪಾರದರ್ಶಕ ಹಾಳೆ ಕೀಳಲು ಮರೆತವರ ಪ್ರೊಸೆಸರ್ ನಿಮಿಷದೊಳಗೆ ಕಾದು ಕೆಂಡವಾಗುತ್ತದೆ.

ರ್ಯಾಮ್ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಕಿಂಡಿಗೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ, ಬೋರ್ಡಿನ ಎಚ್‌ಡಿಎಂಐಗಲ್ಲ. ಎಎಂ5ರಲ್ಲಿ ಮೊದಲ ಸಲ ಆನ್ ಮಾಡಿದಾಗ ರ್ಯಾಮ್ ಹೊಂದಾಣಿಕೆ ನಡೆಯುವುದರಿಂದ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ. ಪರದೆ ಬಂದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ರ್ಯಾಮನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡಿ, ಇಲ್ಲದಿದ್ದರೆ 6000ದ ರ್ಯಾಮ್ 4800ರಲ್ಲೇ ತೆವಳುತ್ತದೆ. ರೈಜೆನ್ 7000 ಎಕ್ಸ್3ಡಿಗಳು ಹೆಚ್ಚಿನ ಎಸ್‌ಒಸಿ (ರ್ಯಾಮ್ ನಿಯಂತ್ರಕವಿರುವ ಭಾಗ) ವೋಲ್ಟೇಜ್‌ನಿಂದ ಸುಟ್ಟ ಪ್ರಕರಣಗಳ ನಂತರ 2023ರಲ್ಲಿ ಆ ವೋಲ್ಟೇಜ್ 1.3 ವೋಲ್ಟ್‌ಗೆ ಸೀಮಿತವಾಯಿತು; ಹಳೆಯ ಬಯೋಸ್‌ನಲ್ಲಿ ಎಕ್ಸ್‌ಪೋ ಹಾಕುವ ಮುನ್ನ ಅಪ್‌ಡೇಟ್ ಮಾಡಿಯೇ ಹಾಕಿ.

ವಿಂಡೋಸ್ ಬಂದ ಮೇಲೆ ಸಿಪಿಯು-ಜೆಡ್ ಎಂಬ ತಂತ್ರಾಂಶದಲ್ಲಿ ರ್ಯಾಮ್ ವೇಗ ನೋಡಿ. ಅದು ಅರ್ಧ ತೋರಿಸುತ್ತದೆ, 3000 ಎಂದಿದ್ದರೆ 6000 ಸರಿಯಾಗಿದೆ. ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನೆಬೆಂಚ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ಉಷ್ಣಾಂಶ ಗಮನಿಸಿ. 7600ಎಕ್ಸ್ 95 ಡಿಗ್ರಿ ತಲುಪಿದರೆ ಅದರ ವಿನ್ಯಾಸವೇ ಹಾಗೆ. 65 ವ್ಯಾಟ್‌ನ 7600 ಆರಂಭದಲ್ಲೇ ಅಲ್ಲಿಗೆ ಹಾರಿದರೆ ಕೂಲರ್ ಸರಿಯಾಗಿ ಕೂತಿಲ್ಲ.

ಕೊನೆಗೆ ನಿಮ್ಮ ಗೇಮನ್ನೇ ಓಡಿಸಿ. ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ಹರ್ಟ್ಸ್‌ಗೆ ಕಟ್ಟಿಹಾಕುವ ಆಯ್ಕೆ) ಮತ್ತು ಫ್ರೇಮ್ ಮಿತಿ ತೆಗೆದು, ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಳಕೆ ನೋಡಿ. ಶೇ 95ರ ಮೇಲಿದ್ದರೆ ಟೋಕನ್ ಕೌಂಟರ್ ಚುರುಕಾಗಿದೆ ಎಂದರ್ಥ. ಶೇ 70ರ ಆಸುಪಾಸಿನಲ್ಲಿದ್ದು, ರೆಸಲ್ಯೂಶನ್ ಇಳಿಸಿದರೂ ಫ್ರೇಮ್ ಏರದಿದ್ದರೆ ತಡೆ ಪ್ರೊಸೆಸರ್‌ನದು. ಆಗಲೂ ಮಾನಿಟರಿನ ಹರ್ಟ್ಸ್‌ಗಿಂತ ಹೆಚ್ಚು ಫ್ರೇಮ್ ಬರುತ್ತಿದ್ದರೆ ಚಿಂತೆ ಬೇಡ. ಬರುತ್ತಿಲ್ಲವಾದರೆ ಟೆಕ್ಸ್ಚರ್, ರೆಸಲ್ಯೂಶನ್ ಇಳಿಸಿ ಪ್ರಯೋಜನವಿಲ್ಲ. ಜನಸಂದಣಿ, ದೂರದ ವಸ್ತುಗಳ ವ್ಯಾಪ್ತಿ, ನೆರಳು, ರೇ ಟ್ರೇಸಿಂಗ್ ಇವನ್ನು ಒಂದೊಂದಾಗಿ ತಗ್ಗಿಸಿ ನೋಡಿ.